ಗಶ್ಪೂಸಿ ಎಂದರೆ ಮದುವಣಗಿತ್ತಿಯಲ್ಲ

ಮೊದಲಿಗೆ ಕ್ಷಮೆ ಕೇಳಬೇಕು. ನನ್ನ ಅಕ್ಷರ ಚೆನ್ನಾಗಿಲ್ಲ. ಸಾಲುಗಳು ಬಲಕ್ಕೆ ಹೋಗುತ್ತ ಹೋಗುತ್ತ ಇಳಿಜಾರು ಹಿಡಿಯುತ್ತವೆ. ಹದಿನೈದಕ್ಕೇ ಶಾಲೆ ಬಿಟ್ಟವಳು ನಾನು, ಒಳ್ಳೆಯ ಮಾತು ಬೇಕಾದ ಹೊತ್ತಿಗೆ ಸಿಗುವುದಿಲ್ಲ. ನಮ್ಮ ಸಾರ್ನ್ ಕಣಿವೆಯ ವಾಚನಾಲಯದವರು ಇಲ್ಲಿನ ಕಸುಬುದಾರರ ಬಗ್ಗೆ ಬರಹಗಳನ್ನು ಕೂಡಿಸುತ್ತಿದ್ದಾರೆ. ಒಟೀಲಿಯ ಅವರ ಬಗ್ಗೆ ಯಾರು ಬರೆಯುತ್ತೀರಿ ಎಂದು ಕೇಳಿದಾಗ ಎಲ್ಲರೂ ನನ್ನ ಕಡೆ ತಿರುಗಿದರು. ಎರಡು ವರ್ಷದಿಂದ ಅವರ ಎದುರಿನ ಮಣೆಯ ಮೇಲೆ ಕೂತು ಕೆಲಸ ಕಲಿಯುತ್ತಿರುವವಳು ನಾನೇ. ಇದನ್ನು ನಾಲ್ಕು ಸಲ ತಿದ್ದಿ ಬರೆದಿದ್ದೇನೆ. ಕಣ್ಣಾರೆ ಕಾಣದ ಸಂಗತಿ ಬಂದಾಗ, ಅದನ್ನು ನನಗೆ ಯಾರು ಹೇಳಿದರು ಎಂಬುದನ್ನೂ ಬರೆಯುತ್ತೇನೆ.

ಒಟೀಲಿಯ ಅವರಿಗೆ ಐವತ್ತೆಂಟು ವರ್ಷ. ಹಬ್ಬದ ದಿನ ಗಂಡಸರು ಕಟ್ಟುವ ಅಗಲವಾದ ಚರ್ಮದ ಪಟ್ಟಿಗಳ ಮೇಲೆ ಅವರು ನವಿಲುಗರಿಯಿಂದ ಕಸೂತಿ ಹಾಕುತ್ತಾರೆ. ಗರಿಯ ಬಣ್ಣದ ಕಣ್ಣು ನಮಗೆ ಬೇಡ, ಅದು ಬೀದಿಯ ಮಕ್ಕಳ ಆಟಕ್ಕೆ. ನಮಗೆ ಬೇಕಾದದ್ದು ಬಿಳಿಯ ದಂಟು. ಅದನ್ನು ಉದ್ದಕ್ಕೆ ಸೀಳಿ ಸೀಳಿ ನೂಲಿನಷ್ಟು ತೆಳ್ಳಗೆ ಮಾಡಿ, ದಬ್ಬಳದಿಂದ ಚುಚ್ಚಿದ ತೂತುಗಳಲ್ಲಿ ಪೋಣಿಸಬೇಕು. ಒಂದು ಪಟ್ಟಿಗೆ ಎರಡು ತಿಂಗಳು ಹಿಡಿಯುತ್ತದೆ. ಅವರ ಅಪ್ಪ ಈ ಕೆಲಸವನ್ನು ಗಂಡುಮಕ್ಕಳಿಗೆ ಮಾತ್ರ ಕಲಿಸುತ್ತಿದ್ದರಂತೆ. ಒಟೀಲಿಯ ಅಪ್ಪನ ಬೆನ್ನ ಹಿಂದೆ ನಿಂತು ಕಲಿತರು. ಅಣ್ಣ ಸೆರಾಫಿನ್ ಅಪ್ಪನ ಎದುರಿಗೇ ಕೂತರೂ ಕಲಿಯಲಿಲ್ಲ, ಹಸು ಸಾಕಿದರು.

ಮದುವೆ ಯಾಕಾಗಲಿಲ್ಲ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಒಂದು ದಿನ ಅವರೇ ಹೇಳಿದರು. ಯೌವನದಲ್ಲಿ ಮೇಲಿನ ಹಳ್ಳಿಯವನೊಬ್ಬ ಆರು ವರ್ಷ ಪ್ರತಿ ಭಾನುವಾರ ಬಂದು ಇವರ ಮನೆಯ ಒಲೆಯ ಪಕ್ಕದ ಬೆಂಚಿನ ಮೇಲೆ ಮಾತಿಲ್ಲದೆ ಕೂತು ಹೋಗುತ್ತಿದ್ದ. ಏಳನೆಯ ವರ್ಷ ಗಂಟಲು ಸರಿಮಾಡಿಕೊಂಡ. ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದರು. ಆ ಬೆಂಚನ್ನು ಮಾರುತ್ತೀರಾ ಎಂದು ಕೇಳಿದನಂತೆ.

ಹೀಗೆ ಮೂವತ್ತು ವರ್ಷ ಕಳೆದ ಮೇಲೆ ನೆರೇಯೊ ಬಂದರು. ಅವರು ಕೆಳಗಿನ ಬಯಲುಸೀಮೆಯ ಇಟಾಲಿಯನ್. ಯಾವುದೋ ಹಳೆಯ ಬಂಗಲೆಯ ತೋಟ ನೋಡಿಕೊಳ್ಳುತ್ತಾರೆ, ಅಲ್ಲಿ ಹನ್ನೊಂದು ನವಿಲುಗಳಿವೆ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿದೆ. ಉದುರಿದ ಗರಿಗಳನ್ನು ಹಿಡಿದುಕೊಂಡು ಅವರು ಮೊದಲ ಸಲ ಬಂದದ್ದು ಆಗಸ್ಟಿನ ಬಿಸಿಲಲ್ಲಿ. ಬಸ್ಸಿಳಿದು ಏರು ಹತ್ತಿ ಬಂದ ಮನುಷ್ಯ ಬಾಗಿಲಲ್ಲಿ ನಿಂತು, ಬೆವರು ಒರೆಸಿಕೊಳ್ಳುತ್ತ, “ಕಾಲ್ದೊ, ಕಾಲ್ದೊ” ಅಂದರು. ಇಟಾಲಿಯನ್ನಿನಲ್ಲಿ ಅದು ಸೆಕೆ. ತೂತು ಎಣಿಸುತ್ತಿದ್ದ ಒಟೀಲಿಯ ಅವರ ಕಿವಿಗೆ ಅದು ನಮ್ಮ ಜರ್ಮನ್ನಿನ “ಕಾಲ್ಟ್” ಎಂದು ಬಿತ್ತು. ಅದು ಚಳಿ. ಪಾಪ, ಕೆಳಗಿನವರಿಗೆ ನಮ್ಮ ಗಾಳಿ ಒಗ್ಗುವುದಿಲ್ಲ ಎಂದು ಕಿಟಕಿ ಮುಚ್ಚಿ, ಅವರ ಹೆಗಲಿಗೆ ಕಂಬಳಿ ಹೊದಿಸಿ, ಬಿಸಿ ಸಾರು ಕೊಟ್ಟರು. ನೆರೇಯೊ ಒಂದು ಗಂಟೆ ಕಂಬಳಿ ಹೊದ್ದು ಕೂತು, ಸಾರು ಕುಡಿದು, ಎರಡು ಸಲ ಧನ್ಯವಾದ ಹೇಳಿ ಹೋದರು. ತಪ್ಪು ಗೊತ್ತಾದದ್ದು ಮಾರನೆಯ ದಿನ. “ಆಗಸ್ಟಲ್ಲಿ ಕಂಬಳಿ ಹೊದಿಸಿದ್ರೂ ಎದುರು ಮಾತಾಡದ ಗಂಡಸು,” ಎಂದು ಒಟೀಲಿಯ ವಾರವಿಡೀ ನಕ್ಕರಂತೆ. ಇದನ್ನೂ ಅವರೇ ಹೇಳಿದ್ದು.

ನವಿಲು ಗರಿ ಉದುರಿಸುವುದು ವರ್ಷಕ್ಕೊಂದೇ ಸಲ. ಆದರೂ ಎರಡನೆಯ ವರ್ಷದಿಂದ ನೆರೇಯೊ ತಿಂಗಳಿಗೊಮ್ಮೆ ಬರತೊಡಗಿದರು, ಒಂದೊಂದು ಸಲ ನಾಲ್ಕೇ ಗರಿ ತಂದು. ಉಳಿದವನ್ನು ಮನೆಯಲ್ಲಿ ಬಚ್ಚಿಟ್ಟಿರುತ್ತಾರೆ ಎಂಬುದು ನನಗೂ ಗೊತ್ತಿತ್ತು, ಒಟೀಲಿಯ ಅವರಿಗೂ ಗೊತ್ತಿತ್ತು.

ಇಬ್ಬರ ಮಾತು ಅರ್ಧ ಅವರ ಭಾಷೆ, ಅರ್ಧ ನಮ್ಮದು. ನೆರೇಯೊ ಬಂಗಲೆಯ ದಪ್ಪ ಜರ್ಮನ್ ನಿಘಂಟನ್ನು ನೋಡಿ ಮಾತುಗಳನ್ನು ಪುಟ್ಟ ಪುಸ್ತಕವೊಂದಕ್ಕೆ ಇಳಿಸಿಕೊಂಡು ತರುತ್ತಿದ್ದರು. ಪ್ರೇಮದ ಮಾತೆಲ್ಲ ನಾವು ಹೊರಗಿನಿಂದ ತರಿಸಿಕೊಂಡದ್ದು, ನಿಂಬೆಹಣ್ಣು ತರಿಸಿದ ಹಾಗೆ ಎಂದು ಒಟೀಲಿಯ ತಮಾಷೆ ಮಾಡುತ್ತಿದ್ದರು. ಗೊತ್ತುಮಾಡಿಕೊಂಡು ಭೇಟಿಯಾಗುವುದಕ್ಕೆ ಫ್ರೆಂಚರ ‘ರಾಂದೆವೂ’. ಕಣ್ಣು ಹೊಡೆದು ನಗಿಸುವುದಕ್ಕೆ ಇಂಗ್ಲಿಷರ ‘ಫ್ಲರ್ಟ್’. ಈ ಕೊನೆಯದು ನೆರೇಯೊಗೆ ಒಗಟು. ಛತ್ರಿ ಹಿಡಿದು ಮೋಡದ ಬಗ್ಗೆ ಮಾತಾಡುವ ಜನರಿಂದ ಇಡೀ ಯುರೋಪು, ಇಟಲಿಯೂ ಸೇರಿ, ಆ ಮಾತನ್ನೇ ಯಾಕೆ ತೆಗೆದುಕೊಂಡಿತು ಎಂದು ಅವರು ನಿಜವಾಗಿಯೂ ತಲೆ ಕೆಡಿಸಿಕೊಂಡಿದ್ದರು.

ಆದರೆ ನಾಲ್ಕು ವರ್ಷವಾದರೂ ಇಬ್ಬರೂ ‘ನೀವು’ ಬಿಟ್ಟಿರಲಿಲ್ಲ. ನಮ್ಮ ಕಣಿವೆಯಲ್ಲಿ ಓರಗೆಯವರೆಲ್ಲ ‘ನೀನು’. ‘ನೀವು’ ಅನ್ನುವುದು ಡಾಕ್ಟರಿಗೆ ಮತ್ತು ಪರಸ್ಥಳದವರಿಗೆ.

ಈ ಸಲ ಮೇ ತಿಂಗಳಲ್ಲಿ ಒಟೀಲಿಯ ಯಾರೂ ಮಾಡಿಕೊಡಲು ಹೇಳದ ಪಟ್ಟಿಯೊಂದನ್ನು ಶುರು ಮಾಡಿದರು. ಯಾರದು ಎಂದು ನಾನು ಕೇಳಲಿಲ್ಲ. ಜೂನಿನ ಕೊನೆಯ ಭಾನುವಾರ ನೆರೇಯೊರನ್ನು ತಮ್ಮ ಅಣ್ಣನ ಮನೆಗೆ ಊಟಕ್ಕೆ ಕರೆದೊಯ್ಯುವುದಾಗಿ ನನಗೆ ಹೇಳುವಾಗ ಒಟೀಲಿಯ ಅವರ ದಬ್ಬಳ ನಿಂತಿತ್ತು. ಅಜ್ಜನ ಕಾಲದಲ್ಲಿ ದೇಶದ ಗಡಿ ನಮ್ಮ ತಲೆಯ ಮೇಲಿಂದ ದಾಟಿ ಉತ್ತರಕ್ಕೆ ಹೋಗಿ, ಜರ್ಮನ್ ಮಾತಿನ ನಾವು ಇಟಲಿಯ ಪಾಲಾದದ್ದನ್ನು ಸೆರಾಫಿನ್ ಇನ್ನೂ ಮರೆತಿಲ್ಲ. ಆ ಮನೆಯ ಮೇಜಿಗೆ ಇಟಾಲಿಯನ್ನನೊಬ್ಬ ಅತಿಥಿಯಾಗಿ ಕೂತದ್ದೇ ಇಲ್ಲ. ಅಲ್ಲಿ ಕೂರಿಸುವುದೆಂದರೆ ಕಣಿವೆಗೆಲ್ಲ ಸಾರಿದ ಹಾಗೆ. “ಈ ಊಟ ಕೆಟ್ರೆ ಇನ್ನೊಂದ್ಸಲ ಕರ್ಯೋ ಶಕ್ತಿ ನಂಗಿಲ್ಲ, ವ್ರೋನಿ,” ಅಂದರು. ವ್ರೋನಿ ಎಂದರೆ ನಾನು. ಬಡಿಸುವುದಕ್ಕೆ ನನ್ನನ್ನೂ ಕರೆದರು.

ಊಟ ಚೆನ್ನಾಗಿಯೇ ನಡೆದಿತ್ತು. ಬ್ರೆಡ್ಡಿನ ಉಂಡೆ ಹಾಕಿದ ಸಾರು, ಹುಳಿ ಕೋಸು, ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸ, ಕೆಂಪು ವೈನು. ಸೆರಾಫಿನ್, ಅವರ ಹೆಂಡತಿ ಗೆರ್ಟ್ರೂಡ್, ಪಕ್ಕದ ತೋಟದ ಇಬ್ಬರು ನೆಂಟರು. ಎರಡನೆಯ ಲೋಟಕ್ಕೆ ಸೆರಾಫಿನ್ ಕೆಣಕಲು ಶುರು ಮಾಡಿದರು.

“ನಿಮ್ ಕಡೆ ಗಂಡು ಕೂಸು ಹುಟ್ಟಿದ್ ಕೂಡ್ಲೇ ಅಳಲ್ವಂತೆ. ಸೂಲಗಿತ್ತಿ ಕಡೆ ನೋಡಿ ಹಾಡೋಕೆ ಶುರು ಮಾಡುತ್ತಂತೆ. ಹೌದಾ?”

ನೆರೇಯೊ ಬಾಯಿ ಒರೆಸಿಕೊಂಡು, ಹುಡುಕಿ ಹುಡುಕಿ ನಮ್ಮ ಮಾತಿನಲ್ಲೇ ಹೇಳಿದರು. “ಹೌದು. ನಿಮ್ ಕಡೆ ಗಂಡಸ್ರು ಪ್ರೀತಿ ಮಾಡೋಕೂ ಕ್ಯಾಲೆಂಡರ್‌ನಲ್ಲಿ ಗುರುತು ಹಾಕ್ಕೋತಾರಂತೆ. ಹಸು ಕರು ಹಾಕೋ ದಿನ ಬಂದ್ರೆ ಮುಂದಕ್ಕೆ ಹಾಕ್ತಾರಂತೆ.”

ಎಲ್ಲರಿಗಿಂತ ಜೋರಾಗಿ ನಕ್ಕವರು ಗೆರ್ಟ್ರೂಡ್. “ಗುರುತು ಹಾಕೋದಾ? ನಮ್ಮನೇಲಿ ಆ ಕ್ಯಾಲೆಂಡರೇ ಕಳ್ದೋಗಿದೆ,” ಅಂದರು. ಸೆರಾಫಿನ್ ಮುಖ ಕೆಂಪಾಯಿತು, ಆದರೂ ತಾವೇ ಎದ್ದು ನೆರೇಯೊ ಲೋಟಕ್ಕೆ ವೈನು ಸುರಿದರು. ಒಟೀಲಿಯ ನನ್ನ ಕಡೆ ನೋಡಿದರು. ಗೆದ್ದೆವು ಅನ್ನುವ ನೋಟ ಅದು.

ಆಗ ನೆರೇಯೊ ಲೋಟ ಹಿಡಿದು ಎದ್ದು ನಿಂತರು. ಬಾಯಿಪಾಠ ಮಾಡಿ ತಂದಿದ್ದ ಮಾತನ್ನು ಒಂದೊಂದೇ ಬಿಡಿಸಿ ಹೇಳಿದರು. “ದೇವ್ರ ದಯೆ, ಈ ಮನೆಯೋರ ಅಪ್ಪಣೆ ಇದ್ರೆ, ಒಟೀಲಿಯ ಅವ್ರು ನನ್ನ ಗಶ್ಪೂಸಿ ಅಂತ ಇಡೀ ಕಣಿವೆಗೆ ಗೊತ್ತಾಗ್ಲಿ.”

ಕಣಿವೆಯ ಹೊರಗಿನವರು ಇದನ್ನು ಓದಿದರೆ ಅವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಗಶ್ಪೂಸಿ ಎಂದರೆ ಕದ್ದು ಇಟ್ಟುಕೊಂಡ ಸಂಬಂಧ. ಏಣಿ ಹಾಕಿ ಕಿಟಕಿ ಹತ್ತುವವರ ಮಾತು ಅದು.

ನೆಂಟರಲ್ಲೊಬ್ಬರಿಗೆ ವೈನು ನೆತ್ತಿಗೇರಿ ಕೆಮ್ಮು ಬಂತು. ಸೆರಾಫಿನ್ ಚಾಕುವನ್ನು ತಟ್ಟೆಯ ಪಕ್ಕಕ್ಕೆ ನೇರವಾಗಿ ಇಟ್ಟರು. ಒಟೀಲಿಯ ಎದ್ದರು, ಕೋಟು ತೆಗೆದುಕೊಂಡರು, ಹೊರಗೆ ಹೋದರು. ನೆರೇಯೊ ಮಾತ್ರ ಲೋಟ ಎತ್ತಿಕೊಂಡು ನಗುತ್ತ ನಿಂತಿದ್ದರು. “ನಾಲ್ಕು ಗಂಟೆ ಬಸ್ಸಿದೆ ನಿಮ್ಗೆ,” ಎಂದು ಸೆರಾಫಿನ್ ಹೇಳಿದ ಮೇಲೆ ಆ ನಗು ಇಳಿಯಿತು.

ಇಟಾಲಿಯನ್ ಮಾತಾಡಲು ನನಗೆ ನಾಲಿಗೆ ಏಳುವುದಿಲ್ಲ. ಶಾಲೆ ಬಿಟ್ಟದ್ದೂ ಸ್ವಲ್ಪ ಅದೇ ಕಾರಣಕ್ಕೆ. ಆದರೆ ಯಾರಾದರೂ ಹೇಳಲೇಬೇಕಿತ್ತು, ಬಸ್ ನಿಲ್ದಾಣಕ್ಕೆ ಓಡಿದೆ. ಅವರು ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಕೂತಿದ್ದರು.

“ಅವ್ರು ಯಾಕೆ ಇಂಗ್ಲಿಷರ ಹಾಗೆ ಎದ್ದು ಹೋದ್ರು ಮಗಳೇ?” ಅಂದರು. ಹೇಳದೆ ಕೇಳದೆ ಹೋಗುವುದನ್ನು ನಾವು ಫ್ರೆಂಚರ ಹಾಗೆ ಹೋಗುವುದು ಅನ್ನುತ್ತೇವೆ, ಆದರೂ ತಿಳಿಯಿತು.

ಗಶ್ಪೂಸಿ ಎಂದರೆ ಏನೆಂದು ನೆಲ ನೋಡಿಕೊಂಡೇ ಹೇಳಿದೆ. ಅವರು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ತೋರಿಸಿದರು. ಅಂದವಾದ ಅಕ್ಷರದಲ್ಲಿ ಬರೆದಿತ್ತು: ‘ಗಶ್ಪೂಸಿ. ಇಟಾಲಿಯನ್ನಿನ ಸ್ಪೋಸಾ, ಅಂದರೆ ಮದುವಣಗಿತ್ತಿ, ಎಂಬ ಮಾತಿನಿಂದ ಬಂದದ್ದು.’ ಅಷ್ಟೇ. ಅಷ್ಟು ಓದಿ ಸಂತೋಷದಿಂದ ನಿಘಂಟು ಮುಚ್ಚಿದ್ದರು. ಮಾತು ಹುಟ್ಟಿದ ಮನೆಯನ್ನು ನೋಡಿದ್ದರು, ಅದು ಬೆಳೆದ ಮೇಲೆ ಏನು ಮಾಡಿಕೊಂಡಿತು ಎಂದು ನೋಡಿರಲಿಲ್ಲ.

“ಈ ಮಾತು ನಮ್ಮನೆ ಹುಡುಗಿ. ಮದುವಣಗಿತ್ತಿ ಮಾಡಿ ಕಳ್ಸಿದ್ವಿ. ನಿಮ್ಮ ಬೆಟ್ಟ ಹತ್ತಿ ಹೀಗಾಗ್ಬಿಟ್ಳಾ?” ಎಂದು ತಲೆಯ ಮೇಲೆ ಕೈ ಹೊತ್ತರು.

ಹೋಗಿ ಇಟಾಲಿಯನ್ನಿನಲ್ಲೇ ಹೇಳಿ ಎಂದೆ. ಅವರು ತಲೆಯಾಡಿಸಿದರು. ಇಟಾಲಿಯನ್ನಿನಲ್ಲಿ ಹೇಳಿದರೆ, ಈ ಇಟಾಲಿಯನ್ನರು ಹೆಂಗಸರಿಗೆಲ್ಲ ಇದನ್ನೇ ಹೇಳುತ್ತಾರೆ ಅನ್ನುವುದಿಲ್ಲವೇ ಸೆರಾಫಿನ್ ಎಂದರು. ಅದಕ್ಕೇ ಅಲ್ಲವೇ ತಾವು ಮೂರು ವಾರ ಈ ವಾಕ್ಯ ಕಲಿತದ್ದು? ಬಸ್ಸು ಬಂತು, ಬಾಗಿಲು ತೆರೆಯಿತು. ನೆರೇಯೊ ಡ್ರೈವರಿಗೆ ಕೈಮುಗಿದು ಕಳಿಸಿ, ನನ್ನ ಜೊತೆ ನಡೆದರು.

ಒಟೀಲಿಯ ಕೆಲಸದ ಕೋಣೆಯಲ್ಲಿ ಕೋಟು ಹಾಕಿಕೊಂಡೇ ಗರಿ ಸೀಳುತ್ತಿದ್ದರು. ತಲೆ ಎತ್ತಲಿಲ್ಲ. “ನನ್ನ ಕಿಟಕೀಲಿ ಹೂವಿನ ಕುಂಡ ಇದೆ. ಏಣಿ ಇಡೋಕೆ ಜಾಗ ಇಲ್ಲ,” ಅಂದರು.

ನೆರೇಯೊ ಪುಟ್ಟ ಪುಸ್ತಕವನ್ನು ಆ ಪುಟಕ್ಕೆ ತೆರೆದು ಮೇಜಿನ ಮೇಲಿಟ್ಟರು. ದಂಟು ನೋಡುವ ಭೂತಗನ್ನಡಿಯಲ್ಲೇ ಒಟೀಲಿಯ ಅದನ್ನು ಓದಿದರು, ಇನ್ನೊಮ್ಮೆ ಓದಿದರು. ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ನನಗೆ ಗಾಬರಿಯಾಯಿತು. ನಗುತ್ತಿದ್ದರು.

ಹಾಗಾದರೆ ನಿಮ್ಮಲ್ಲಿ ಸ್ಪೋಸಾ ಅನ್ನುವುದು ಯಾರಿಗೆ ಎಂದು ಕೇಳಿದರು. ಮದುವಣಗಿತ್ತಿಗೆ, ಹೆಂಡತಿಗೆ ಎಂದು ಹೇಳಿ ನೆರೇಯೊ ಸ್ವಲ್ಪ ತಡೆದರು. ಅವರು ಸುಳ್ಳು ಹೇಳುವವರಲ್ಲ. ತಮ್ಮ ಊರಿನ ಮೀನಂಗಡಿಯವನು ಕೊಳ್ಳಲು ಬಂದ ಹೆಂಗಸರನ್ನೆಲ್ಲ ಸ್ಪೋಸಾ ಎಂದೇ ಕರೆಯುತ್ತಾನೆ ಎಂಬುದನ್ನೂ ಒಪ್ಪಿಕೊಂಡರು.

“ಹಾಗಾದ್ರೆ ನಂಗೆ ಅದೂ ಬೇಡ, ಇದೂ ಬೇಡ,” ಅಂದರು ಒಟೀಲಿಯ. “ನಾವೇ ನಿಮ್ಮಿಂದ ತಗೊಂಡು ಕೆಡಿಸಿದ್ದಾಯ್ತು. ನೀವು ನಮ್ಮಿಂದ ಏನೂ ತಗೊಂಡಿಲ್ವಾ?”

ನೆರೇಯೊ ಪುಟ ತಿರುಗಿಸಿದರು. ಇಟಾಲಿಯನ್ನರ ‘ತಮಾಷೆ’ ಎಂಬ ಮಾತು ಹಿಂದೆಂದೋ ಜರ್ಮನರ ಕಡೆಯಿಂದ ಬಂದದ್ದು. ‘ಕೆನ್ನೆ’ಯೂ ಹಾಗೆಯೇ; ಅದನ್ನು ಓದುವಾಗ ಅವರದೇ ಕೆನ್ನೆ ಕೆಂಪಾಯಿತು. ಎಲ್ಲರೂ ಸೇರಿ ಲೋಟ ಎತ್ತುವುದಕ್ಕೆ ಅವರು ಹೇಳುವ ‘ಬ್ರಿಂದಿಸಿ’ ಕೂಡ. ಅದರ ಎದುರು ನಮ್ಮ ಮಾತು ಬರೆದಿತ್ತು. ಒಟೀಲಿಯ ಭೂತಗನ್ನಡಿಯನ್ನು ಹತ್ತಿರ ತಂದು ಗಟ್ಟಿಯಾಗಿ ಓದಿದರು. “ಬ್ರಿಂಗ್ ದಿರ್ಸ್.” ಅವರ ಅಜ್ಜ ಬಟ್ಟಲನ್ನು ಕೈಯಿಂದ ಕೈಗೆ ದಾಟಿಸುವಾಗ ಹೇಳುತ್ತಿದ್ದ ಮಾತಂತೆ ಅದು. ನಿನಗೆ ತಂದಿದ್ದೇನೆ, ತಗೋ, ಎಂದರ್ಥ.

“ದಿರ್,” ಎಂದು ಮತ್ತೆ ಹೇಳಿದರು. “ನಿನಗೆ. ನಿಮಗೆ ಅಲ್ಲ.” ಮೇಜಿನ ಮೇಲಿದ್ದ ಗರಿಗಳನ್ನು ಒಂದು ಕಡೆಗೆ ಸರಿಸಿದರು. “ನಾಲ್ಕು ವರ್ಷದಿಂದ ತರ್ತಾ ಇದ್ದೀಯ. ನಾನು ಇನ್ನೂ ನಿನ್ನನ್ನ ಡಾಕ್ಟರ್ ಥರ ಮಾತಾಡಿಸ್ತಿದ್ದೀನಿ, ನೆರೇಯೊ.”

ಅವರು ‘ನೀನು’ ಅಂದದ್ದನ್ನು ನೆರೇಯೊ ಗಮನಿಸಿದರು. ಏನೋ ಹೇಳಲು ಬಾಯಿ ತೆರೆದರು. ಒಟೀಲಿಯ ತಡೆದರು. “ನೀನು ಇವತ್ತಿಗೆ ಮಾತಾಡಿದ್ದು ಸಾಕು. ಉಳಿದದ್ದು ನಾನು ಹೇಳ್ತೀನಿ.”

ಮೂವರೂ ಅಣ್ಣನ ಮನೆಗೆ ವಾಪಸು ಹೋದೆವು. ಅವರು ಇನ್ನೂ ಮೇಜಿನ ಸುತ್ತಲೇ ಇದ್ದರು, ಸಿಹಿಗೆಂದು ಮಾಡಿದ್ದ ಸೇಬಿನ ಸುರುಳಿಯನ್ನು ಯಾರೂ ಮುಟ್ಟಿರಲಿಲ್ಲ. ಒಟೀಲಿಯ ಕೂರಲಿಲ್ಲ.

“ಸೆರಾಫಿನ್, ಇವನು ಹೇಳಿದ್ದು ಮದುವಣಗಿತ್ತಿ ಅಂತ. ನಮ್ಮ ಮಾತು ಸರಿಯಾಗಿ ಬರಲ್ಲ ಇವನಿಗೆ. ನನಗೆ ಬರುತ್ತೆ. ನಾನು ಇವನನ್ನ ಮದ್ವೆ ಆಗ್ತಿದ್ದೀನಿ.”

“ಸಂಜೆಯೊಳಗೆ ಊರೆಲ್ಲ ಗಶ್ಪೂಸಿ ಅಂತಾನೇ ಹಬ್ಬಿರುತ್ತೆ, ಟೀಲಿ,” ಅಂದರು ಸೆರಾಫಿನ್.

“ಹಬ್ಲಿ. ಮೂವತ್ತು ವರ್ಷದಿಂದ ನನ್ನ ಬಗ್ಗೆ ಒಂದು ಸುದ್ದಿ ಇಲ್ಲ ಈ ಊರಲ್ಲಿ.”

ಗೆರ್ಟ್ರೂಡ್ ಎದ್ದು ನೆರೇಯೊ ಕುರ್ಚಿಯನ್ನು ಮತ್ತೆ ಎಳೆದಿಟ್ಟರು. ಸೆರಾಫಿನ್ ಸುರುಳಿಯ ಮೊದಲ ತುಂಡು ಕತ್ತರಿಸಿದರು, ಅದು ದೊಡ್ಡ ತುಂಡು, ನೆರೇಯೊ ತಟ್ಟೆಗೆ ಹಾಕಿ, “ತಿನ್ನು,” ಅಂದರು. ‘ತಿನ್ನಿ’ ಅನ್ನಲಿಲ್ಲ.

ಸುದ್ದಿ ಹಬ್ಬಿತು. ಬ್ರೆಡ್ಡಿನ ಅಂಗಡಿಯಾಕೆ ಈಗಲೂ ‘ಗಶ್ಪೂಸಿಗೆ ಎಷ್ಟು ರೊಟ್ಟಿ’ ಎಂದು ಕೇಳುತ್ತಾರೆ. ಒಟೀಲಿಯ ಸಿಟ್ಟಾಗುವುದಿಲ್ಲ, ಎರಡು ಎಂದು ಬೆರಳು ತೋರಿಸುತ್ತಾರೆ. ಅಕ್ಟೋಬರಿನ ಎರಡನೆಯ ಶನಿವಾರ ಮದುವೆ. ನೆರೇಯೊ ಇಲ್ಲಿಗೇ ಬರುತ್ತಾರೆ; ನವಿಲುಗಳನ್ನು ತಂಗಿಯ ಮಗ ನೋಡಿಕೊಳ್ಳುತ್ತಾನಂತೆ. ಮೇ ತಿಂಗಳಲ್ಲಿ ಶುರು ಮಾಡಿದ್ದ ಆ ಪಟ್ಟಿ ನೆರೇಯೊಗೇ; ಬೇರೆ ಕೆಲಸಗಳ ನಡುವೆ ಮುಕ್ಕಾಲು ಮುಗಿದಿದೆ. ಹೆಸರಿನ ಅಕ್ಷರ ಒಟೀಲಿಯ ಹಾಕುತ್ತಾರೆ, ಇಸವಿಯ ನಾಲ್ಕು ಅಂಕಿಗಳನ್ನು ನನಗೆ ಬಿಟ್ಟಿದ್ದಾರೆ. ನಾಳೆ ಬೆಳಿಗ್ಗೆ ಏಳಕ್ಕೆ ಹೋಗಿ ಅದಕ್ಕೆ ಬೇಕಾದ ದಂಟುಗಳನ್ನು ಸೀಳುತ್ತೇನೆ.