ಸಿ ಗ್ರೇಡು ಮತ್ತು ಚಿಗವ್ವನ ಪ್ರಶ್ನೆ

ನಪಾಸಾದವರಿಗೆ ಜನ ಸಮಾಧಾನ ಹೇಳುತ್ತಾರೆ, ಮೊದಲು ಬಂದವರಿಗೆ ಪೇಢೆ ತಿನ್ನಿಸುತ್ತಾರೆ. ಸಿ ಗ್ರೇಡು ತಂದವರಿಗೆ ಏನು ಹೇಳಬೇಕೆಂಬುದು ಮಾತ್ರ ಯಾರಿಗೂ ತಿಳಿಯುವುದಿಲ್ಲ. ಹಾವೇರಿಯಲ್ಲಿ ಬಿ.ಎಸ್ಸಿ. ಓದುವಾಗ ತಳಿಶಾಸ್ತ್ರದಲ್ಲಿ ನನಗೆ ಬಂದದ್ದು ಅದೇ. ಮನೆಯವರು ಅಂಕಪಟ್ಟಿ ನೋಡಿ, ಮಡಚಿಟ್ಟು, ಊಟಕ್ಕೆ ಕರೆದರು.

ಬೇಕಿದ್ದರೆ ಆ ವಿಷಯವನ್ನು ಇನ್ನೊಮ್ಮೆ ತೆಗೆದುಕೊಳ್ಳಬಹುದಿತ್ತು. ಆದರೆ ತರಗತಿಗೆ ಮತ್ತೆ ಕೂರಬೇಕು, ಹಳೆಯ ಗ್ರೇಡು ಬಿಟ್ಟುಕೊಡಬೇಕು. ಹೊಸದು ಇನ್ನೂ ಕೆಳಗಿಳಿದರೆ ಅದೇ ಗಟ್ಟಿ. ನನಗೆ ಎಂ.ಎಸ್ಸಿ.ಯ ಆಸೆ. ಅದಕ್ಕೆ ಸಿ ಸಾಲದು, ಡಿ ಬಂದರೆ ಆಸೆಯೇ ಮುಗಿಯಿತು. ಇದೆಲ್ಲಕ್ಕಿಂತ ದೊಡ್ಡ ತೊಡಕೆಂದರೆ, ತಂಗಿ ಸವಿತಾ ಆ ವರ್ಷ ಅದೇ ತರಗತಿಗೆ ಬರುವವಳಿದ್ದಳು. ಚಿಕ್ಕಂದಿನಿಂದ ಅವಳ ಲೆಕ್ಕ ತಿದ್ದುತ್ತ ಬಂದ ಅಕ್ಕ ಈಗ ಅವಳ ಪಕ್ಕ ಕೂತು ಹಾಜರಿ ಹೇಳಬೇಕು.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ತೂಕ ಮಾಡುವ ಅಪ್ಪ, ತೂಕ ಆದ ಚೀಲ ಯಾರೂ ಮತ್ತೆ ಬಿಚ್ಚುವುದಿಲ್ಲ ಎಂದರು. ಬಿಚ್ಚಿದವರಿಗೇ ಸೀನು ಎಂದು ಅವ್ವ ಸೇರಿಸಿದಳು. ಕಾಲೇಜಿನ ಮೇಡಂ, ನಿರ್ಧಾರ ನಿನ್ನದೇ ಎಂದರು. ಆ ವಾರ ಯಾರ ಮಾತು ಕೇಳಿದರೂ ಸರಿಯೆನಿಸುತ್ತಿತ್ತು, ಇನ್ನೊಬ್ಬರು ಬಾಯಿ ತೆರೆಯುವವರೆಗೆ. ಬಟಾಣಿ ಗಿಡಗಳ ನಡುವೆ ವರ್ಷಗಟ್ಟಲೆ ಕೂತು ಈ ಶಾಸ್ತ್ರಕ್ಕೆ ಬುನಾದಿ ಹಾಕಿದ ಸನ್ಯಾಸಿಯೇ ಶಿಕ್ಷಕರ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿದ್ದನಂತೆ. ಅದನ್ನು ನೆನೆದು ಸ್ವಲ್ಪ ಹಿತವಾಯಿತು. ಆದರೆ ಅವನು ಸಿ ತಂದಿರಲಿಲ್ಲವಲ್ಲ.

ಅರ್ಜಿ ಸಲ್ಲಿಸಲು ಎರಡು ದಿನ ಉಳಿದಾಗ, ಈ ಮಾತುಗಳಿಂದ ತಪ್ಪಿಸಿಕೊಳ್ಳಲು, ರಾಣೇಬೆನ್ನೂರಿನಲ್ಲಿ ಬಸ್ಸು ಬದಲಿಸಿ ಮೇಡ್ಲೇರಿಗೆ ಹೋದೆ. ಅಲ್ಲಿ ಅವ್ವನ ತಂಗಿ, ನನ್ನ ಚಿಗವ್ವ, ಬೀಜಕ್ಕೆ ಬೆಳೆಸುವ ಟೊಮೆಟೊ ಹೊಲದಲ್ಲಿ ಕ್ರಾಸಿಂಗ್ ಕೆಲಸ ಮಾಡುತ್ತಾಳೆ. ಒಂದು ತಳಿಯ ಹೂವಿನ ಪರಾಗವನ್ನು ಇನ್ನೊಂದು ತಳಿಯ ಹೂವಿಗೆ ಬೆರಳಿನಿಂದ ಮುಟ್ಟಿಸುತ್ತ ಸಾಲು ಮುಗಿಸುವುದು. ಶಾಲೆಯ ಮೆಟ್ಟಿಲನ್ನು ಅವಳು ನಾಲ್ಕನೆಯ ತರಗತಿಗೇ ಇಳಿದವಳು. ನಾನು ಏನನ್ನು ಓದುತ್ತೇನೆಂದು ಕೇಳಿ ತಿಳಿದುಕೊಂಡಳು. ಆಮೇಲೆ ಕೈ ನಿಲ್ಲಿಸದೆ ಕೇಳಿದಳು:

"ಈ ಬೀಜ ಹಾಕಿದ್ರ ಎಲ್ಲಾ ಗಿಡ ಒಂದ ನಮೂನಿ ಬರ್ತಾವ. ಆ ಗಿಡದ್ದು ಬೀಜ ಹಿತ್ತಲದಾಗ ಹಾಕಿದ್ದೆ ನೋಡು, ಒಂದೊಂದು ಒಂದೊಂದು ನಮೂನಿ ಬಂದ್ವು. ಅದ್ಯಾಕಂತ ನಿಮ್ಮ ಪುಸ್ತಕದಾಗ ಐತೇನವಾ?"

ಇತ್ತು. ಅದೇ ಪ್ರಶ್ನೆಗೆ ಪರೀಕ್ಷೆಯಲ್ಲಿ ಪೂರ್ತಿ ಅಂಕ ಪಡೆದಿದ್ದೆ. ಒಂಬತ್ತು, ಮೂರು, ಮೂರು, ಒಂದು ಎಂದು ಮೊಮ್ಮಕ್ಕಳ ತಲೆಮಾರಿನಲ್ಲಿ ಗುಣಗಳು ಹಂಚಿಹೋಗುವ ಅನುಪಾತ ಒಪ್ಪಿಸಿದೆ. ಯಾಕೆ ಹಾಗೆ ಎಂಬುದನ್ನು ನಾನು ಕಲಿತೇ ಇರಲಿಲ್ಲ. "ಹೌದೇನು" ಎಂದು ಮೆಲ್ಲಗೆ ಅಂದು ಚಿಗವ್ವ ಮುಂದಿನ ಹೂವಿಗೆ ಬಾಗಿದಳು. ತಿರುಗಿ ಕೇಳದ ಆ ಮರ್ಯಾದೆ ನನ್ನನ್ನು ಸಿ ಗ್ರೇಡಿಗಿಂತ ಹೆಚ್ಚು ಚುಚ್ಚಿತು. ಮರುದಿನ ಹಾವೇರಿಗೆ ಹೋಗಿ ಅರ್ಜಿ ತುಂಬಿದೆ.

ಮೊದಲ ದಿನ ಸವಿತಾ ತನ್ನ ಪಕ್ಕದಲ್ಲಿ ಜಾಗ ಹಿಡಿದಿಟ್ಟಿದ್ದಳು. ಎರಡನೆಯ ದಿನ ನನ್ನ ಹಳೆಯ ನೋಟ್ಸು ಕೇಳಿದಳು. ಕೊಡಲಿಲ್ಲ. ಅದರಲ್ಲಿ ಉತ್ತರಗಳಿದ್ದವು, 'ಯಾಕೆ' ಎಂಬುದು ಒಂದೂ ಇರಲಿಲ್ಲ. ಆ ವರ್ಷ ನಾನು ತರಗತಿಯಲ್ಲಿ ಎಷ್ಟು ಪ್ರಶ್ನೆ ಕೇಳಿದೆನೆಂದರೆ, ಅಕ್ಕ ಎಂದು ಹೇಳಿಕೊಳ್ಳಲು ಸವಿತಾ ಹಿಂದೆಮುಂದೆ ನೋಡುವಂತಾಯಿತು.

ಫಲಿತಾಂಶದಲ್ಲಿ ಅವಳಿಗೆ ಎ ಬಂತು, ನನಗೆ ಬಿ. ಮೇಡ್ಲೇರಿಗೆ ಮತ್ತೆ ಹೋಗಿ, ಬದುವಿನ ಮೇಲೆ ಎರಡು ಬಣ್ಣದ ಕಾಳು ಜೋಡಿಸಿ ತೋರಿಸಿದೆ. ಪ್ರತಿ ಗಿಡದಲ್ಲೂ ತಾಯಿಯದೊಂದು, ತಂದೆಯದೊಂದು ಗುಣ ಇರುತ್ತದೆ, ಒಂದು ಎದ್ದು ಕಂಡರೆ ಇನ್ನೊಂದು ಅಡಗಿರುತ್ತದೆ, ಮಕ್ಕಳಿಗೆ ಕೊಡುವಾಗ ಎರಡರಲ್ಲಿ ಒಂದನ್ನಷ್ಟೇ ಕೊಡುತ್ತದೆ ಎಂದೆ. ಚಿಗವ್ವ ಕಾಳುಗಳನ್ನು ತಾನೇ ಸರಿಸಿ ಸರಿಸಿ ನೋಡಿದಳು.

"ಹಂಗಂದ್ರ ಗಿಡ ಅಜ್ಜ-ಅಜ್ಜಿನ್ನ ಮರ್ತಿರಂಗಿಲ್ಲ, ಮುಚ್ಚಿಟಗೊಂಡಿರತೈತಿ ಅನ್ನು."

ನಮ್ಮ ಪಠ್ಯಪುಸ್ತಕ ಇಷ್ಟು ಚೆಂದ ಹೇಳಿರಲಿಲ್ಲ. ಗೆದ್ದೆನೆಂದು ಎದ್ದು ನಿಲ್ಲುವಷ್ಟರಲ್ಲಿ ಅವಳದು ಇನ್ನೊಂದು ಪ್ರಶ್ನೆ. ಒಂದೇ ಸಾಲಿನಲ್ಲಿ, ಒಂದೇ ಕೈ ಮುಟ್ಟಿದ ಹೂವುಗಳಲ್ಲಿ ಕೆಲವು ಕಾಯಿ ಕಟ್ಟುತ್ತವೆ, ಕೆಲವು ಉದುರುತ್ತವೆ, ಯಾಕೆ ಎಂದಳು.

"ಗೊತ್ತಿಲ್ಲ ಚಿಗವ್ವ" ಎಂದೆ. ದನಿ ತಗ್ಗಲಿಲ್ಲ. ಆ ವರ್ಷದ ಓದಿನಿಂದ ನನಗೆ ದಕ್ಕಿದ್ದು ಬಹುಶಃ ಇಷ್ಟೇ.

"ಹಂಗಾರ ಇವತ್ತು ಇದ್ದು ಹೋಗು. ಮುಂಜಾನೆ ಇಬ್ರೂ ಕೂಡಿ ನೋಡೂಣು" ಅಂದಳು ಅವಳು.