ಕದಿರಪ್ಪನ ಓಡುವ ಕೈ

ಲಕ್ಕೂರಿನ ಕದಿರಪ್ಪ ಮಾಲೂರಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ಹಸಿ ಹೆಂಚು ಎತ್ತುವ ಕೆಲಸಕ್ಕಿದ್ದ. ಅಚ್ಚಿನಿಂದ ಹೊರಬಂದ ಹೆಂಚನ್ನು ಅಂಚು ಕೆಡದಂತೆ ಹಲಗೆಗೆ ಜಾರಿಸಿಕೊಂಡು, ಹಲಗೆಯನ್ನು ಒಣಗುವ ಅಟ್ಟಕ್ಕೆ ಏರಿಸಿ, ಮತ್ತೆ ಅಚ್ಚಿನ ಮುಂದೆ ಬಂದು ನಿಲ್ಲುವುದು. ಊರೂರಿನ ಮನೆಗಳ ಮೇಲೆ ಅವನು ಎತ್ತಿದ ಹೆಂಚುಗಳಿದ್ದವು. ಯಾವುದು ಅವನದು ಎಂದು ಅವನೂ ಹೇಳಲಾರ. ಹೆಸರು ಹಿಡಿದು ಕರೆಯುವ ಒಂದು ಜಾಗ ತನಗೂ ಇರಲಿ ಎಂಬ ಆಸೆಯೇ ಅವನನ್ನು ಗಿಟಾರಿಗೆ ತಂದಿತೆಂದು ನನ್ನ ಊಹೆ. ಕೇಳಿದರೆ ಮಾತ್ರ, "ಏನಿಲ್ಲ, ಸದ್ದು ಚೆನ್ನಾಗಿತ್ತು" ಎನ್ನುತ್ತಿದ್ದ.

ಗಿಟಾರು ಬಂದದ್ದು ೧೯೭೬ರಲ್ಲಿ, ಕೆ.ಜಿ.ಎಫ್.ನಿಂದ. ಮಕ್ಕಳಿದ್ದ ಆಸ್ಟ್ರೇಲಿಯಾಕ್ಕೆ ಹೊರಟಿದ್ದ ಆಂಗ್ಲೋ ಇಂಡಿಯನ್ ವೃದ್ಧರೊಬ್ಬರು ಮನೆಯ ಸಾಮಾನನ್ನೆಲ್ಲ ಮಾರುತ್ತಿದ್ದರು. ವಾದ್ಯದ ಜೊತೆಗೆ ಅವರು ಕೊಟ್ಟ ಪಾಠ ಒಂದೇ: ನಾಲ್ಕರವರೆಗೆ ಎಣಿಸು, ಪ್ರತಿ ಎಣಿಕೆಗೂ ಕೈ ಒಮ್ಮೆ ಕೆಳಕ್ಕೆ, ಎರಡು ಎಣಿಕೆಗಳ ನಡುವೆ ಒಮ್ಮೆ ಮೇಲಕ್ಕೆ, ತಂತಿಗೆ ತಾಗದಿದ್ದರೂ ಚಿಂತೆಯಿಲ್ಲ, ಕೈ ನಿಲ್ಲಬಾರದು. ಉಳಿದದ್ದನ್ನು ಕದಿರಪ್ಪ ರೇಡಿಯೋದ ಮುಂದೆ ಕೂತು ತಾನೇ ಹುಡುಕಿಕೊಂಡ. ಇಳಿಯುವ ಏಟಿಗೆ 'ತ', ಏರುವ ಏಟಿಗೆ 'ಕ' ಎಂದು ಹೆಸರಿಟ್ಟ. ತ, ತಕ, ಕ, ತಕ ಎಂಬ ವರಸೆ ಕೇಳಲು ಸುಲಭ. ಆದರೆ ಅದರ ಮೂರನೆಯ ಎಣಿಕೆಯಲ್ಲಿ ಕೈ ಇಳಿಯಬೇಕು, ಸದ್ದು ಬರಕೂಡದು. ಸದ್ದಿಲ್ಲದ ಕಡೆ ಅವನ ಕೈಯೂ ನಿಂತುಬಿಡುತ್ತಿತ್ತು. ಆ ಒಂದು ಖಾಲಿ ಏಟನ್ನು ಕೈಗೆ ಒಗ್ಗಿಸಲು ವರ್ಷಕ್ಕೂ ಮೇಲೆ ಹಿಡಿಯಿತು. ಪಾಳಿ ಮುಗಿಸಿ ಬಂದವನಿಗೆ ಅಭ್ಯಾಸಕ್ಕೆ ದಕ್ಕುತ್ತಿದ್ದುದು ಊಟಕ್ಕೆ ಮುಂಚಿನ ಸ್ವಲ್ಪ ಹೊತ್ತು ಮಾತ್ರ.

ಮಾಲೂರಿನಲ್ಲಿ ಮೈಕ್ ಸೆಟ್ ಅಂಗಡಿ ಇಟ್ಟಿದ್ದ ಶ್ರೀರಾಮಪ್ಪ ಮದುವೆಗಳಿಗೆ ಆರ್ಕೆಸ್ಟ್ರಾ ಕರೆದೊಯ್ಯುತ್ತಿದ್ದರು. ೧೯೭೯ರಲ್ಲಿ ಅವರ ಗಿಟಾರಿನವನು ಬೇರೆ ಊರಿಗೆ ಹೋದ. ಖಾಲಿಯಾದ ಕುರ್ಚಿಗೆ ಕದಿರಪ್ಪ ಕೇಳಿಕೊಂಡು ಬಂದ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಹಾಡು ಶುರುವಾಯಿತು. ಮುಗಿಯುವಷ್ಟರಲ್ಲಿ ಹಾಡುವ ಭಾರತಮ್ಮನಿಗೆ ಏದುಸಿರು. ಡ್ರಮ್ಸ್ ಬಾರಿಸುತ್ತಿದ್ದ, ಮುಳಬಾಗಿಲಿನಿಂದ ಬಂದು ಮಾಲೂರಿನಲ್ಲೇ ನೆಲೆಸಿದ್ದ ಬಚ್ಚಪ್ಪ ಕಡ್ಡಿಗಳನ್ನು ತೊಡೆಯ ಮೇಲಿಟ್ಟುಕೊಂಡು, ತನ್ನ ಕಡೆಯ ತೆಲುಗು ಬೆರೆಸಿ ಕೇಳಿದ:

"ಎಕ್ಕಡಿಕಿರಾ ಈ ಪರುಗು? ಎಲ್ಲಿಗಲೇ ಈ ಓಟ? ಯಾವ ನಾಯಿ ಅಟ್ಟಿಸ್ಕೊಂಡು ಬರ್ತಿತ್ತಲೇ ನಿನ್ನ?"

"ಎಣಿಕೆ ತಪ್ಪಲಿಲ್ವಲ್ಲಣ್ಣ?"

"ತಪ್ಪಲಿಲ್ಲ ಕಣೋ. ನಾಲ್ಕಕ್ಕೆ ನಾಲ್ಕೂ ಎಣಿಸ್ದೆ. ನಾವು ಮೂರರಲ್ಲಿದ್ದಾಗಲೇ ಎಣಿಸಿ ಮುಗಿಸ್ಬಿಟ್ಟೆ."

ಈ ತಪ್ಪಿನ ಮೂಲ ಲಕ್ಕೂರಿನ ಭಜನೆಯಲ್ಲಿತ್ತು. ಕದಿರಪ್ಪ ಚಿಕ್ಕಂದಿನಿಂದ ಶನಿವಾರದ ಭಜನೆಯಲ್ಲಿ ತಾಳ ಹಾಕಿದವನು. ಭಜನೆ ನಿಧಾನವಾಗಿ ಹೊರಟು, ಹೋಗ್ತಾ ಹೋಗ್ತಾ ಬಿರುಸಾಗಿ, ಕೊನೆಗೆ ತಾಳಗಳು ಒಂದೇ ಝೇಂಕಾರವಾಗಿ ನಿಲ್ಲಬೇಕು. ಹೊರಟ ವೇಗದಲ್ಲೇ ಮುಗಿದರೆ ಅಂದು ಯಾರಿಗೂ ಮನಸ್ಸಿರಲಿಲ್ಲ ಎಂದರ್ಥ. ಎಣಿಕೆ ಸರಿಯಾಗಿದ್ದರೆ ಕಾಲವೂ ಸರಿ ಎಂದು ಅವನು ನಂಬಿದ್ದ. ಸಂಖ್ಯೆ ಬೇರೆ, ಸಂಖ್ಯೆಗಳ ನಡುವಿನ ಅಂತರ ಬೇರೆ ಎಂಬುದು ಭಜನೆಯವರಿಗೆ ಬೇಕಾಗಿರಲಿಲ್ಲ.

"ದೀಪಾವಳಿವರೆಗೆ ನೋಡ್ತೀನಿ ಕದಿರಪ್ಪ. ಆಮೇಲೆ ಮದುವೆಗಳು ಶುರುವಾಗ್ತವೆ" ಎಂದರು ಶ್ರೀರಾಮಪ್ಪ. "ಓಟ ನಿಂತ್ರೆ ಕುರ್ಚಿ ನಿಂದು. ಇಲ್ಲಾಂದ್ರೆ ಕೋಲಾರದಿಂದ ಒಬ್ಬನನ್ನ ಕರೆಸ್ತೀನಿ, ಬೇಜಾರು ಮಾಡ್ಕೋಬೇಡ."

ಕದಿರಪ್ಪ ಪಕ್ಕದ ಮನೆಯ ಗೋಡೆ ಗಡಿಯಾರದ ಕೆಳಗೆ ಕೂತು ನೋಡಿದ. ಬರೀ ಏಟು ಹಾಕುವಾಗ ಕೈ ಗಡಿಯಾರದ ಜೊತೆ ಇರುತ್ತಿತ್ತು. ಹಾಡನ್ನು ಗುನುಗುತ್ತ ಬಾರಿಸಿದರೆ ಮುಗಿಯುವಷ್ಟರಲ್ಲಿ ಗಡಿಯಾರ ಹಿಂದೆ ಬಿದ್ದಿರುತ್ತಿತ್ತು. ನಾಡಿ ಹಿಡಿದು ಬಾರಿಸು, ದೇಹದೊಳಗಿನ ತಾಳ ಸುಳ್ಳಾಡುವುದಿಲ್ಲ ಎಂದು ಶ್ರೀರಾಮಪ್ಪ ಸಲಹೆ ಕೊಟ್ಟರು. ಮೆಟ್ಟಿಲು ಹತ್ತಿದರೂ, ಬೈಗುಳ ತಿಂದರೂ ಬದಲಾಗುವ ನಾಡಿಯನ್ನು ಅಳತೆಗೋಲೆಂದು ಏಕೆ ನಂಬಬೇಕೋ ನನಗೆ ತಿಳಿಯದು. ಹಾಡಿನಿಂದ ಉಬ್ಬಿದವನ ನಾಡಿ ಹಾಡಿಗಿಂತ ಮೊದಲೇ ಓಡಿರುತ್ತದೆ.

ಒಂದು ಭಾನುವಾರ ಕಾರ್ಖಾನೆಯಲ್ಲಿ ಇನ್ನೊಬ್ಬ ಬಾರದ್ದರಿಂದ ಇಬ್ಬರ ಕೆಲಸ ಕದಿರಪ್ಪನ ಮೇಲೆ ಬಿತ್ತು. ತೋಳು ಸೋತು, ತಾಲೀಮಿಗೆ ಹೋಗಿ ಇವತ್ತು ಬೇಡವೆಂದು ಹೇಳಿಬರಲು ಹೊರಟವನನ್ನು ಶ್ರೀರಾಮಪ್ಪ ಕೂರಿಸಿದರು. ಹಾಡು ಶುರುವಾಯಿತು, ಡ್ರಮ್ಮಿನ ಜೊತೆಯಲ್ಲೇ ಮುಗಿಯಿತು.

ಬಚ್ಚಪ್ಪ ಕತ್ತು ಚಾಚಿ ಬಾಗಿಲಾಚೆ ನೋಡಿದ. "ಏನ್ಲಾ, ನಾಯಿ ಕಟ್ಟಿಹಾಕಿ ಬಂದ್ಯಾ?"

ಮುಂದಿನ ವಾರ ಚೆನ್ನಾಗಿ ನಿದ್ದೆ ಮಾಡಿ, ಸ್ನಾನ ಮಾಡಿ ಬಂದ. ಕೈ ಮತ್ತೆ ಓಡಿತು. ಆಮೇಲೆ ಕದಿರಪ್ಪ ತಾಲೀಮಿನ ದಿನಗಳಂದು ಬೇಕೆಂದೇ ದಣಿಯತೊಡಗಿದ. ತನ್ನ ಪಾಳಿಯಿಲ್ಲದಿದ್ದರೂ ಕೆರೆಮಣ್ಣಿನ ಲಾರಿ ಇಳಿಸಲು ನಿಂತ. ಬುಟ್ಟಿ ಹೊತ್ತು ಹೊತ್ತು ಭುಜ ಊದಿತು, ಕೈ ಮಾತ್ರ ಹದಕ್ಕೆ ಬಂತು. ಹೆಂಡತಿ ಶ್ಯಾಮಲಮ್ಮನಿಗೆ ವಿಷಯ ಬೇರೆಯವರಿಂದ ತಿಳಿಯಿತು. ಅವಳು ರೇಷ್ಮೆ ಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದಳು.

"ರಜಾ ದಿನ ಮಣ್ಣು ಹೊರೋಕೆ ಹೋಗಿದ್ರಂತೆ?"

"ಹೂಂ. ಸುಸ್ತಾಗ್ಲಿ ಅಂತ."

"ಸುಸ್ತಿಗೆ ಮಾಲೂರುಗಂಟ ಹೋಗ್ಬೇಕಿತ್ತಾ? ಇಲ್ಲಿ ಬೇಕಾದಷ್ಟೈತೆ. ಹುಳ ನಾಲ್ಕನೇ ಜ್ವರದಿಂದ ಎದ್ದವೆ, ಪೊರೆ ಬಿಟ್ಟು ಹಗಲೂ ರಾತ್ರಿ ಮೇಯ್ತವೆ, ಒಬ್ಬಳೇ ಸೊಪ್ಪು ಹೊತ್ತು ನನ್ನ ಸೊಂಟ ಬಿದ್ದೋಯ್ತು."

ಅವನು ಕಾರಣ ವಿವರಿಸಿದ. ಅವಳು ಕತ್ತಿ ಕೆಳಗಿಟ್ಟಳು. "ಎಲ್ಲಿ, ಬಾರಿಸಿ. ನಾನೂ ನೋಡ್ತೀನಿ."

ಅವನು ಬಾರಿಸಿದ. ಅವಳು ಕೈಯನ್ನು ನೋಡಲೇ ಇಲ್ಲ.

"ಎಲ್ಲಾ ಕಡೆ ಓಡಲ್ಲ ನೀವು. ಹಾಡು ಮೇಲಕ್ಕೆ ಏರ್ತದಲ್ಲ, ಆ ಸಾಲು ಬರೋಕ್ ಮುಂಚೇನೇ ನಿಮ್ ಮುಖ ಅರಳ್ತದೆ. ಅಲ್ಲಿಂದ ಓಟ."

"ಸುಸ್ತಾದಾಗ ಯಾಕೆ ಓಡಲ್ಲ ಹಂಗಾದ್ರೆ?"

"ಸುಸ್ತಾದಾಗ ನಿಮಗೆ ಹಾಡಾದ್ರೇನು, ಹೆಂಚಾದ್ರೇನು" ಎಂದು ಅವಳು ಮತ್ತೆ ಸೊಪ್ಪಿಗೆ ಕೈ ಹಾಕಿದಳು.

ದಣಿದ ತೋಳು ತನ್ನ ಭಾರದಿಂದಲೇ ಲೋಲಕದಂತೆ ತೂಗುತ್ತದೆ, ಆದ್ದರಿಂದ ಕಾಲ ಸಮವಾಗಿರುತ್ತದೆ ಎಂದು ಈ ಕಥೆ ಕೇಳಿದಾಗ ನನಗೆ ಹೊಳೆದಿತ್ತು. ಆದರೆ ವ್ಯತ್ಯಾಸ ತೋಳಿನಲ್ಲಿ ಮಾತ್ರ ಇದ್ದಿದ್ದರೆ ದಣಿಯದ ದಿನ ಇಡೀ ಹಾಡು ಓಡಬೇಕಿತ್ತು. ಅದು ಓಡುತ್ತಿದ್ದುದು ಕೆಲವು ಸಾಲುಗಳಿಂದಾಚೆಗೆ. ಒಬ್ಬ ಮನುಷ್ಯನಿಂದ ನಿಯಮ ಸಿದ್ಧವಾಗುವುದಿಲ್ಲ. ಆದರೂ ಕಂಡದ್ದಕ್ಕೆ ಹೆಚ್ಚು ಹೊಂದುವುದು ಶ್ಯಾಮಲಮ್ಮನ ಮಾತು.

ದೀಪಾವಳಿ ಕಳೆದು ಮೊದಲ ಕಾರ್ಯಕ್ರಮ ಮುಳಬಾಗಿಲಿನ ಮದುವೆಯೊಂದರ ಆರತಕ್ಷತೆಯಲ್ಲಿ ಬಂತು. ಕುರ್ಚಿಯ ತೀರ್ಮಾನವೂ ಅಂದೇ. ಅಷ್ಟು ಹೊತ್ತಿಗೆ ಭುಜ ಮಣ್ಣಿನ ಬುಟ್ಟಿಯನ್ನು ತಾಳುವಂತಿರಲಿಲ್ಲ. ಕದಿರಪ್ಪ ದಣಿಯದೆಯೇ ಹೋಗಬೇಕಾಯಿತು. ಅವನು ಕುರ್ಚಿಯನ್ನು ಡ್ರಮ್ಸಿನ ಕಡೆಗೆ ಓರೆಯಾಗಿ ತಿರುಗಿಸಿಕೊಂಡ. ದೊಡ್ಡ ಡ್ರಮ್ಮಿನ ಪೆಡಲಿನ ಮೇಲಿದ್ದ ಬಚ್ಚಪ್ಪನ ಬಲಗಾಲು ಅವನಿಗೆ ಸರಿಯಾಗಿ ಕಾಣುತ್ತಿತ್ತು. ಆ ಪಾದ ಇಳಿದಾಗ ತನ್ನ ಕೈ ಇಳಿಯಬೇಕು. ಬೇರೇನೂ ಕಿವಿಗೆ ಬೀಳಬಾರದು. ಭಾರತಮ್ಮ ಹಾಡಿದಳು. ಅವನು ಪಾದ ನೋಡಿದ. ಚಪ್ಪಲಿಯ ಅಂಗುಷ್ಠದ ಹೊಲಿಗೆ ಬಿಟ್ಟಿತ್ತು. ಜನ ಚಪ್ಪಾಳೆ ತಟ್ಟಿದಾಗಲೇ ಹಾಡು ಮುಗಿದದ್ದು ಅವನಿಗೆ ತಿಳಿದದ್ದು. ಹೀಗೆ ಒಂದಾದ ಮೇಲೊಂದು, ಕೊನೆಯ ಹಾಡಿನವರೆಗೆ ಪಾದ ಅವನನ್ನು ಕರೆದೊಯ್ದಿತು.

ವೈರುಗಳನ್ನು ಸುತ್ತಿಡುತ್ತಿದ್ದ ಶ್ರೀರಾಮಪ್ಪ, "ಕೋಲಾರದೋನಿಗೆ ಬರಬೇಡ ಅಂತ ಹೇಳ್ಬಿಡ್ತೀನಿ" ಎಂದಷ್ಟೇ ಅಂದರು.

ಭಾರತಮ್ಮ ನೀರು ಕುಡಿಯುತ್ತ ಹತ್ತಿರ ಬಂದಳು. "ಕದಿರಣ್ಣ, ಆ ಏರೋ ಸಾಲನ್ನ ಇವತ್ತು ಪೂರ್ತಿ ಉಸಿರಲ್ಲಿ ಹಿಡಿದೆ. ಇಷ್ಟು ದಿನದಲ್ಲಿ ಇವತ್ತೇ ಆಗಿದ್ದು. ಹೆಂಗಿತ್ತು?"

"ಚೆನ್ನಾಗಿತ್ತಮ್ಮ" ಎಂದ ಕದಿರಪ್ಪ.

ವ್ಯಾನಿನಲ್ಲಿ ಕಿಟಕಿಗೆ ತಲೆಯಾನಿಸಿ ಆ ಸಾಲನ್ನು ನೆನಪಿಗೆ ತಂದುಕೊಳ್ಳಲು ನೋಡಿದ. ಬಚ್ಚಪ್ಪನ ಪಾದ ಬಂತು, ಹಾಡು ಬರಲಿಲ್ಲ. ಪಕ್ಕದಲ್ಲಿದ್ದ ಬಚ್ಚಪ್ಪ ಅಷ್ಟರಲ್ಲೇ ಗೊರಕೆ ಹೊಡೆಯುತ್ತಿದ್ದ.

ಅಂದಿನಿಂದ ಆರ್ಕೆಸ್ಟ್ರಾ ನಿಂತ ೧೯೮೮ರವರೆಗೂ ಆ ಕುರ್ಚಿ ಕದಿರಪ್ಪನದೇ ಆಗಿತ್ತು. ಮಾಲೂರಿನವರು ಅವನನ್ನು ಗಿಟಾರು ಕದಿರಪ್ಪ ಎಂದೇ ಕರೆದರು.