ಐದು ಸಲ ಅಳೆದ ಬ್ಯಾರೆಲ್

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ನನ್ನದು ಇನ್‌ಸ್ಪೆಕ್ಷನ್ ಕೆಲಸ. ಬೇರೆಯವರು ಮಾಡಿದ್ದನ್ನು ಅಳೆಯುವುದು, ತಪ್ಪಿದ್ದಕ್ಕೆ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುವುದು. ನಮ್ಮ ವಿಭಾಗದಲ್ಲಿ ಒಂದೇ ಅಳತೆಯನ್ನು ಯಾರೂ ನಂಬುವುದಿಲ್ಲ. ಐದು ಸಲ ಅಳೆದು, ಸರಾಸರಿ ತೆಗೆದು, ಆಮೇಲೆ ರಿಪೋರ್ಟಿನಲ್ಲಿ ಬರೆಯುತ್ತೇವೆ. ಈ ಚಟ ನನ್ನ ಜೊತೆ ಮನೆಗೂ ಬಂದಿದೆ. ಗ್ಯಾಸ್ ಆರಿಸಿದ್ದನ್ನು ನಾನು ಎಷ್ಟು ಸಲ ನೋಡುತ್ತೇನೆಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಾಳೆ.

ಮಗಳು ಡಿಗ್ರಿ ಎರಡನೇ ವರ್ಷದಲ್ಲಿದ್ದಳು. ಹತ್ತು ಮೀಟರ್ ದೂರದ ಗುರಿಗೆ ಏರ್ ರೈಫಲ್ ಹೊಡೆಯುತ್ತಿದ್ದಳು. ರಾಜ್ಯಮಟ್ಟದ ಸ್ಪರ್ಧೆಗೆ ಬೇಕಾದ ಅಂಕ ಎರಡು ಸಲ ಸ್ವಲ್ಪದರಲ್ಲಿ ಕೈತಪ್ಪಿತ್ತು. ಮೂರನೆಯ ಅವಕಾಶ ಬಂದಾಗ ಊಟದ ತಟ್ಟೆಯ ಮುಂದೆ ತಣ್ಣಗೆ ಹೇಳಿದಳು: "ಈ ಸಲಾನೂ ಆಗ್ಲಿಲ್ಲಾಂದ್ರೆ ಬಿಟ್ಬಿಡ್ತೀನಪ್ಪ. ಓದ್ಕೊಂಡಿರ್ತೀನಿ." ಹೇಳಿ ಸಾರು ಕಲಸಿಕೊಂಡು ಉಂಡಳು. ಊಟ ಸೇರದೆ ಹೋದದ್ದು ನನಗೆ. ಆರು ವರ್ಷ ಅವಳ ಹಿಂದೆ ನಿಂತು, ಪ್ರತಿ ಗುಂಡು ಎಲ್ಲಿ ಬಿತ್ತೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡವನು ನಾನು. ಅವಳು ಬಿಟ್ಟರೆ ನನ್ನ ಭಾನುವಾರಗಳಿಗೆ ಏನು ಕೆಲಸ ಎಂಬ ಭಯವೂ ಅದರಲ್ಲಿ ಇತ್ತು, ಸುಳ್ಳು ಯಾಕೆ ಹೇಳಲಿ.

ಅದೇ ಹೊತ್ತಿಗೆ ನಾನು ಮಾಕಳಿಯಲ್ಲಿ ದೊಡ್ಡ ಪಂಡಿತನಾಗಿಬಿಟ್ಟಿದ್ದೆ. ಅಲ್ಲಿ ನನಗೊಬ್ಬ ಗೆಳೆಯರಿದ್ದಾರೆ. ರಾಗಿ ಬೆಳೆಯುತ್ತಿದ್ದ ಜಮೀನಿನಲ್ಲಿ ಶೆಡ್ಡು ಕಟ್ಟಿಸಿ ಕಾರ್ಖಾನೆಗಳಿಗೆ ಬಾಡಿಗೆ ಕೊಟ್ಟವರು. ಉಳಿದ ಜಾಗದ ಕೊನೆಯಲ್ಲಿ ಮಣ್ಣಿನ ದಿಬ್ಬ ಹಾಕಿಸಿಕೊಂಡು, ಐವತ್ತು ಮೀಟರ್ ದೂರಕ್ಕೆ ಏರ್ ರೈಫಲ್ ಹೊಡೆಯುವುದು ಅವರ ಹುಚ್ಚು. ಒಂದು ದಿನ, ಎರಡು ಬಗೆಯ ಸೀಸದ ಗುಂಡು ಹೊಡೆದು ನೋಡಿದ ಎರಡು ಗುರಿಕಾಗದ ತಂದು ನನ್ನ ಮುಂದೆ ಹರಡಿದರು.

"ನೋಡಿ ಸಾರ್. ಪೆಲೆಟ್ ಹಾಕುದ್ರೆ ಎಲ್ಲ ಒಂದೇ ತಾವ ಬೀಳ್ತವೆ. ಈ ಸ್ಲಗ್ ಹಾಕುದ್ರೆ ಒಂದು ಇಂಗೆ, ಒಂದು ಅಂಗೆ. ಗನ್ನೂ ಅದೇ, ಕೈಯೂ ಅದೇ. ಯಾಕ್ ಇಂಗೆ?"

ಎರಡನೆಯ ಕಾಗದದ ತೂತುಗಳು ದುಂಡಗಿರಲಿಲ್ಲ, ಉದ್ದುದ್ದ ಹರಿದಿದ್ದವು. ಸ್ಲಗ್ಗು ಅಡ್ಡಡ್ಡ ಹೋಗಿ ಬಡಿದಿತ್ತು. ನಾನು ಬ್ಯಾರೆಲ್ ಅಳೆದೆ. ಅದರ ಒಳಗೋಡೆಯಲ್ಲಿ ಸುರುಳಿಯಾಗಿ ಗೀರುಗಳಿರುತ್ತವೆ, ಗುಂಡನ್ನು ತಿರುಗಿಸುವುದು ಅವೇ. ಕ್ಲೀನಿಂಗ್ ರಾಡಿನ ತುದಿಗೆ ಬಿಗಿಯಾಗಿ ಬಟ್ಟೆ ಸುತ್ತಿ ಒಳಗೆ ತಳ್ಳಿದರೆ ರಾಡು ಆ ಗೀರಿನ ಜೊತೆ ತಾನೂ ತಿರುಗುತ್ತದೆ. ರಾಡಿನ ಮೇಲೊಂದು ಗುರುತು ಹಾಕಿ, ಅದು ಅರ್ಧ ಸುತ್ತು ಬರಲು ಎಷ್ಟು ಒಳಗೆ ಹೋಯಿತೆಂದು ಅಳೆದು, ಎರಡರಿಂದ ಗುಣಿಸಿದರಾಯಿತು. ಒಂದು ಸುತ್ತಿಗೆ ನಾನೂರ ಐವತ್ತು ಮಿಲಿಮೀಟರ್ ಬಂತು.

"ಪೆಲೆಟ್ಟಿಗೆ ಸೊಂಟ ಸಣ್ಣ, ಹಿಂದೆ ಟೊಳ್ಳು ಲಂಗ. ಶಟಲ್ ಕಾಕ್ ಥರ. ಗಾಳೀನೇ ಅದರ ಹಿಂಭಾಗ ಹಿಡಿದು ನೆಟ್ಟಗೆ ಇಡುತ್ತೆ, ಸ್ವಲ್ಪ ತಿರುಗಿದ್ರೆ ಸಾಕು," ಎಂದು ವಿವರಿಸಿದೆ. "ಸ್ಲಗ್ಗು ಗಟ್ಟಿ ಸೀಸ, ಉದ್ದ ಜಾಸ್ತಿ, ಲಂಗ ಇಲ್ಲ. ಅದು ಬುಗುರಿ ಇದ್ದಂಗೆ, ಜೋರಾಗಿ ತಿರುಗಿದ್ರೆ ಮಾತ್ರ ನಿಲ್ಲುತ್ತೆ. ನಿಮ್ಮ ಬ್ಯಾರೆಲ್ಲಿನ ಸುತ್ತು, ಟ್ವಿಸ್ಟ್ ಅಂತಾರಲ್ಲ, ಅದು ನಿಧಾನ ಆಯ್ತು."

ಅವರು ಗುಂಡನ್ನು ಬೇಗ ತಿರುಗಿಸುವ ಬ್ಯಾರೆಲ್ ಹಾಕಿಸಿದರು. ಸ್ಲಗ್ಗುಗಳು ಒಂದು ರೂಪಾಯಿ ಬಿಲ್ಲೆಯಷ್ಟು ಜಾಗದಲ್ಲಿ ಕೂತವು. ಆದರೆ ಮೊದಲು ಚೆನ್ನಾಗಿ ಬೀಳುತ್ತಿದ್ದ ಪೆಲೆಟ್ಟುಗಳು ಅದೇ ದೂರದಲ್ಲಿ ಚೆದುರತೊಡಗಿದವು. ಅವಕ್ಕೆ ಈಗ ಸುತ್ತು ಅತಿಯಾಗಿತ್ತು. "ಒಂದ್ ಕೊಟ್ಟು ಇನ್ನೊಂದ್ ಕಿತ್ಕತದಲ್ಲ ಸಾರ್," ಎಂದು ಅವರು ನಕ್ಕರು. ಮುದ್ದೆ, ಕೋಳಿಸಾರು ಹಾಕಿಸಿ ಕಳಿಸಿದರು. ಹತ್ತು ಮೀಟರಿನಲ್ಲಿ ಪೆಲೆಟ್ಟಿಗೆ ಈ ತಲೆನೋವೇ ಇಲ್ಲ, ಟ್ವಿಸ್ಟು ಸ್ವಲ್ಪ ಹೆಚ್ಚು ಕಡಿಮೆಯಾದರೂ ನಡೆಯುತ್ತದೆ ಎಂದು ಅವತ್ತು ಬೆರಳು ನೆಕ್ಕುತ್ತ ನಾನೇ ಹೇಳಿದ್ದೆ.

ನಾನೇ ಹೇಳಿದ್ದನ್ನು ನಾನೇ ನಂಬಲಿಲ್ಲ. ಸ್ಪರ್ಧೆಯ ಹಿಂದಿನ ದಿನ, ಶನಿವಾರ, ಮಗಳ ಅಭ್ಯಾಸದಲ್ಲಿ ಮೂರು ಗುಂಡು ಎಡಕ್ಕೆ ಹೋದವು. ಕಾರಣ ಕೇಳಿದರೆ "ಏನಿಲ್ಲಪ್ಪ" ಎಂದಳು. ಏನಿಲ್ಲ ಎನ್ನುವ ಉತ್ತರ ನನ್ನ ಕೆಲಸದಲ್ಲಿ ಇಲ್ಲ. ಸೆಕೆಂಡ್ ಹ್ಯಾಂಡ್ ರೈಫಲ್, ಬ್ಯಾರೆಲ್ಲಿನಲ್ಲೇ ಏನೋ ದೋಷವಿದ್ದರೆ? ಸಂಜೆ ಅವಳು ಅಮ್ಮನ ಜೊತೆ ದೇವಸ್ಥಾನಕ್ಕೆ ಹೋದಾಗ ಪೆಟ್ಟಿಗೆ ತೆಗೆದೆ. ರಾಡಿಗೆ ಬಟ್ಟೆ ಸುತ್ತಿ, ಒಂದು ಹನಿ ಎಣ್ಣೆ ಬಿಟ್ಟು, ತಳ್ಳಿ ಅಳೆದೆ. ಪದ್ಧತಿ ಪ್ರಕಾರ ಐದು ಸಲ, ಪ್ರತಿ ಸಲವೂ ಹೊಸ ಬಟ್ಟೆ. ಮೊದಲನೆಯದು ಮಸಿಯಂತೆ ಹೊರಬಂತು, ಐದನೆಯದು ಬೆಳ್ಳಗೆ. ಐದು ಅಳತೆಯೂ ಒಂದಕ್ಕೊಂದು ಹೊಂದಿದವು. ಟ್ವಿಸ್ಟಿನಲ್ಲಿ ಯಾವ ದೋಷವೂ ಇರಲಿಲ್ಲ. ಅವತ್ತು ಚೆನ್ನಾಗಿ ನಿದ್ದೆ ಬಂತು.

ಸ್ಪರ್ಧೆ ಇದ್ದದ್ದು ವೈಟ್‌ಫೀಲ್ಡ್ ಕಡೆ. ಬೆಳಿಗ್ಗೆ ಕ್ಯಾಬಿನಲ್ಲಿ ಹೊರಟೆವು. ಮಗಳು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದ್ದಳು. ಹೆಬ್ಬಾಳ ದಾಟುವಾಗ ಮಾಕಳಿಯವರ ಫೋನ್ ಬಂತು, ಮಗಳಿಗೆ ಒಳ್ಳೇದಾಗಲಿ ಎನ್ನಲು. ನಾನು ಹೆಮ್ಮೆಯಿಂದ ನಿನ್ನೆಯ ಅಳತೆಯ ವಿಷಯ ಹೇಳಿದೆ.

"ಬಟ್ಟೆ ಬಿಟ್ ಮ್ಯಾಕೆ ಎಷ್ಟು ಗುಂಡು ಹೊಡುದ್ಲು ಮಗ್ಳು?"

"ಒಂದೂ ಇಲ್ಲ. ಯಾಕೆ?"

"ಒಳಗೆ ಸೀಸ ತೆಳ್ಳಗೆ ಕೂತಿರ್ತದಲ್ಲ ಸಾರ್, ಅದೆಲ್ಲ ಎದ್ದೋಗಿರ್ತದೆ. ಅದು ತಿರುಗಾ ಕೂತ್ಕಳಗಂಟ ಗುಂಡು ಒಂದೇ ತಾವ ಬೀಳಾಕಿಲ್ಲ. ಮೂವತ್ತೋ ನಲವತ್ತೋ ಹೊಡೀಬೇಕು. ನಿಮಗ್ ಗೊತ್ತಿರ್ತದೆ ಅಂದ್ಕಂಡಿದ್ದೆ."

ನನಗೆ ಗೊತ್ತಿರಲಿಲ್ಲ. ನನ್ನ ಕೆಲಸದಲ್ಲಿ ಸ್ವಚ್ಛವಾದದ್ದೇ ಸರಿಯಾದದ್ದು. ಇಲ್ಲದ ದೋಷವನ್ನು ಹುಡುಕಲು ಹೋಗಿ ನಾನೇ ಒಂದು ದೋಷ ಮಾಡಿಟ್ಟಿದ್ದೆ. ರಿಂಗ್ ರೋಡಿನಲ್ಲಿ ಗಾಡಿ ಆಮೆಯಂತೆ ಸಾಗುತ್ತಿತ್ತು. ಹೇಳಿದರೆ ಅವಳ ಧೈರ್ಯ ಹೋಗುತ್ತದೆ, ಹೇಳದಿದ್ದರೆ ಗುಂಡು ಚೆದುರಿದಾಗ ತನ್ನ ಕೈಯೇ ಕೆಟ್ಟಿದೆ ಎಂದುಕೊಳ್ಳುತ್ತಾಳೆ. ಮಾರತ್ತಹಳ್ಳಿ ಬರುವವರೆಗೆ ಬಾಯಿ ತೆರೆಯುವುದು, ಮುಚ್ಚುವುದು ಇದೇ ಆಯಿತು. ಕೊನೆಗೆ ಗೇಟಿನ ಹತ್ತಿರ ಇಳಿದ ಮೇಲೆ, ಅವಳ ಮುಖ ನೋಡದೆ, ಎಲ್ಲ ಹೇಳಿಬಿಟ್ಟೆ.

"ಎಷ್ಟು ಸಲ ಬಟ್ಟೆ ಬಿಟ್ಟೆ?"

"ಐದು."

ಬೈಯುತ್ತಾಳೆ ಎಂದುಕೊಂಡೆ. ಅವಳು ಗಡಿಯಾರ ನೋಡಿಕೊಂಡಳು. "ಶುರು ಆಗೋಕ್ ಮುಂಚೆ ಹದಿನೈದು ನಿಮಿಷ ಸುಮ್ನೆ ಹೊಡ್ಕೊಳ್ಳೋಕೆ ಬಿಡ್ತಾರೆ. ಅಷ್ಟರಲ್ಲಿ ಎಷ್ಟಾಗುತ್ತೋ ಅಷ್ಟು ಹೊಡೀತೀನಿ." ಪೆಟ್ಟಿಗೆ ಹೆಗಲಿಗೇರಿಸಿ ಎರಡು ಹೆಜ್ಜೆ ಹೋದವಳು ನಿಂತಳು. "ಅಪ್ಪ, ನೀನು ಒಳಗೆ ಬರ್ಬೇಡ. ಗನ್ನಿಗೆ ಯಾವತ್ತೂ ಏನೂ ಆಗಿರ್ಲಿಲ್ಲ. ನೀನು ಹಿಂದೆ ನಿಂತು ಪೆನ್ನು ಟಕ್ ಟಕ್ ಅನ್ಸೋದು ನಂಗೆ ಕೇಳ್ಸುತ್ತೆ. ಟ್ರಿಗರ್ ಒತ್ತೋಕ್ ಮುಂಚೆ ಅದಕ್ಕೇ ಕಾಯ್ತಿರ್ತೀನಿ."

ನಾನು ಗಾರ್ಡ್ ಪಕ್ಕದ ಕಲ್ಲುಬೆಂಚಿನಲ್ಲಿ ಕೂತೆ. ಒಳಗಿನಿಂದ ಎಲ್ಲರ ಗುಂಡಿನ ಸದ್ದೂ ಕಲಸಿಕೊಂಡು ಬರುತ್ತಿತ್ತು. ಯಾವುದು ಅವಳದೆಂದು ತಿಳಿಯಲಿಲ್ಲ. ಆದರೂ ಎಣಿಸಿದೆ, ತಪ್ಪಿತು, ಮತ್ತೆ ಎಣಿಸಿದೆ. ಪೆನ್ನು ಕೈಯಲ್ಲೇ ಇತ್ತು, ಟಕ್ ಟಕ್ ಎನ್ನುತ್ತಲೇ ಇತ್ತು. "ಸಾರ್, ಪೆನ್ ಕೊಡಿ ಒಂಚೂರು, ರಿಜಿಸ್ಟರ್ ಬರೀಬೇಕು," ಎಂದು ಗಾರ್ಡ್ ಕೇಳಿದಾಗಲೇ ನನಗದು ಗೊತ್ತಾದದ್ದು.

ಒಂದೂವರೆ ಗಂಟೆಯ ಮೇಲೆ ಅವಳು ಬಂದಳು. ಕೂದಲು ಬೆವರಿಗೆ ಹಣೆಗಂಟಿತ್ತು. ಅಂಕ ಈ ಸಲವೂ ಸ್ವಲ್ಪದರಲ್ಲಿ ತಪ್ಪಿತ್ತು. ಹದಿನೈದು ನಿಮಿಷ ಸಾಲದೆ, ಲೆಕ್ಕಕ್ಕೆ ಬರುವ ಮೊದಲ ಹತ್ತು ಗುಂಡುಗಳೂ ಅಲೆದಾಡಿದ್ದವು. ಕಳೆದದ್ದೆಲ್ಲ ಅಲ್ಲೇ, ನನ್ನ ಐದು ಬಟ್ಟೆಗಳಿಂದ. ನನ್ನಿಂದಾಯಿತು, ಕ್ಷಮಿಸು ಎನ್ನಲು ಹೊರಟೆ.

"ಕೊನೇ ಇಪ್ಪತ್ತು ನೋಡಪ್ಪ," ಎಂದು ಅವಳು ಅಂಕದ ಚೀಟಿ ಮುಂದೆ ಹಿಡಿದಳು. ಆರು ವರ್ಷದ ನೋಟ್‌ಬುಕ್ಕಿನಲ್ಲಿ ಎಲ್ಲೂ ನಾನು ಬರೆದುಕೊಂಡಿರದ ಅಂಕಗಳು. "ಬಿಡಲ್ಲ ನಾನು. ಇನ್ನೊಂದ್ ಸಲ ಹೊಡೀತೀನಿ." ಚೀಟಿ ಮಡಿಸಿ ಜೇಬಿಗೆ ಹಾಕಿಕೊಂಡು, ಮೆಲ್ಲಗೆ ಸೇರಿಸಿದಳು: "ಆವಾಗ್ಲೂ ನೀನು ಹೊರಗೇ ಇರ್ಬೇಕು."

ಆಗಲಿ ಎಂದೆ. ಕ್ಯಾಬ್ ಬಂದಾಗ ಗಾರ್ಡ್ ಪೆನ್ನು ವಾಪಸು ಕೊಡಲು ಕೈ ಚಾಚಿದ. ಇಟ್ಕೊಳ್ಳಪ್ಪ ಎಂದು ಹೇಳಿ ಹತ್ತಿ ಕೂತೆ.